ದುಡ್ಡಿನ ಮಾತೇ ಆಗಿದ್ದರೆ

ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ಬೆಳಗಿನಿಂದ ಸಂಜೆಯವರೆಗೆ ಓಡಾಡುವ ಸರ್ಕಾರಿ ಬಸ್ಸೊಂದರಲ್ಲಿ ನೀಲಾವತಿ ಕಂಡಕ್ಟರ್. ಆ ದಾರಿಯ ಖಾಯಂ ಪ್ರಯಾಣಿಕರಲ್ಲಿ ಎಷ್ಟೋ ಮಂದಿಗೆ ಅವಳ ಹೆಸರು ಗೊತ್ತಿಲ್ಲ, ದನಿ ಮಾತ್ರ ಚೆನ್ನಾಗಿ ಗೊತ್ತು. ತೆರಕಣಾಂಬಿಯಲ್ಲಿ ಬಸ್ಸು ತುಂಬಿ ಫುಟ್‌ಬೋರ್ಡಿನಲ್ಲಿ ಜನ ನೇತಾಡುವಾಗ, “ಒಳಕ್ಕೋಗಿ, ಒಳಕ್ಕೋಗಿ, ಮುಂದ್ಗಡೆ ಒಂದ್ ಮದ್ವೇನೇ ಮಾಡ್ಬೋದು” ಎಂದು ಅವಳು ಕೂಗಿದರೆ ಗೊಣಗುತ್ತಿದ್ದವರೂ ನಕ್ಕು ಒಂದು ಹೆಜ್ಜೆ ಸರಿಯುತ್ತಾರೆ. ಚಿಲ್ಲರೆಗೆ ಜಗಳವಾಡುವವರ ಜೊತೆ ಅವಳು ಜಗಳವಾಡುವುದಿಲ್ಲ. “ಇಳಿಯೋವಾಗ ಕೊಡ್ತೀನಿ” ಎಂದವಳು ಇಳಿಯುವಾಗ ನೆನಪಿಟ್ಟು ಕೊಡುತ್ತಾಳೆ. ಅಷ್ಟರಿಂದಲೇ ಅವಳಿಗೆ ಒಳ್ಳೆಯ ಹೆಸರು ಬಂದಿದೆ.

ಹುಟ್ಟಿದ್ದು ಚಂದಕವಾಡಿ ಹೋಬಳಿಯ ಒಂದು ಹಳ್ಳಿಯಲ್ಲಿ, ಊರಿಗೆ ಸ್ವಲ್ಪ ಆಚೆಗಿರುವ ಕೇರಿಯಲ್ಲಿ. ಅಪ್ಪ ಮಾರಯ್ಯ ಕಂಡವರ ಹೊಲದಲ್ಲಿ ದುಡಿದವನು. ಹೊಲದ ಯಜಮಾನರ ಮುಂದೆ ನಿಂತಾಗ ಅವನ ಬಾಯಲ್ಲಿ “ಬುದ್ಧಿ” ಎಂಬ ಮಾತು ಬಿಟ್ಟು ಬೇರೆ ಬರುತ್ತಿರಲಿಲ್ಲ. ನೀಲಾವತಿ ಖಾಕಿ ತೊಟ್ಟ ಮೊದಲ ದಿನ ಅವನು ಅವಳ ಬಸ್ಸು ಹತ್ತಿ, ಕಡೇ ಸ್ಟಾಪಿನವರೆಗೂ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬಂದಿದ್ದ. ದಾರಿಯುದ್ದಕ್ಕೂ ದೊಡ್ಡ ದೊಡ್ಡವರೆಲ್ಲ ಮಗಳ ಕಡೆಗೆ ಕೈ ಚಾಚಿ ಟಿಕೆಟ್ ಕೇಳುವುದನ್ನು ನೋಡುತ್ತ ಕೂತಿದ್ದ, ಅಷ್ಟೆ.

ಗಂಡ ಶಿವಸ್ವಾಮಿ ಗುಂಡ್ಲುಪೇಟೆಯ ಒಂದು ಹಾಸ್ಟೆಲಿನಲ್ಲಿ ಅಡುಗೆಯವನು. ಜೊತೆಗೆ ಅತ್ತೆ ದೊಡ್ಡಮಾದಮ್ಮ. ಮಂಡಿ ನೋವಿನ ಮುದುಕಿ. ಈಗಿರುವ ಬಾಡಿಗೆ ಮನೆ ಮಹಡಿಯ ಮೇಲೆ, ಮೆಟ್ಟಿಲು ಕಡಿದು. ಆಸ್ಪತ್ರೆಗೆ ಹೋಗುವ ದಿನ ಬಿಟ್ಟರೆ ಮುದುಕಿ ಕೆಳಗಿಳಿಯುತ್ತಿರಲಿಲ್ಲ. ಕಿಟಕಿಯ ಹತ್ತಿರ ಚಾಪೆ ಹಾಸಿಕೊಂಡು ಕೂತು, ರಸ್ತೆಯಲ್ಲಿ ಹೋಗುವವರನ್ನು ಮೇಲಿನಿಂದಲೇ ಕೂಗಿ ಮಾತಾಡಿಸುತ್ತಿದ್ದಳು. ಅವರು ತಲೆಯೆತ್ತಿ ಉತ್ತರ ಕೊಟ್ಟರೆ ಆ ದಿನ ಅವಳಿಗೆ ಒಳ್ಳೆಯ ದಿನ.

ನೆಲದ ಮೇಲೆ, ಬೀದಿಗೆ ಹೊಂದಿಕೊಂಡಂತೆ ಒಂದು ಸ್ವಂತ ಮನೆ ಬೇಕೆಂದು ನೀಲಾವತಿಗೆ ಬಹಳ ದಿನದ ಆಸೆ. ಆದರೆ ಆ ಮನೆ ಬಸ್ಸಿನೊಳಗೇ ಸಿಕ್ಕೀತೆಂದು ಅವಳು ಅಂದುಕೊಂಡಿರಲಿಲ್ಲ.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಚಾಮರಾಜನಗರದಿಂದ ಒಬ್ಬ ವಯಸ್ಸಾದ ಹೆಂಗಸು ಆಗಾಗ ಗುಂಡ್ಲುಪೇಟೆಗೆ ಬರತೊಡಗಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ, ಚೀಲದಿಂದ ಆಚೆಗೆ ಇಣುಕುವ ಪೊರಕೆ. ಮೊದಲ ಸಲ ನೀಲಾವತಿಗೆ ನಗು ಬಂದು, “ಏನವ್ವಾರೆ, ನಮ್ ಬಸ್ ಗುಡ್ಸಕ್ ಬಂದ್ರಾ?” ಎಂದು ಕೇಳಿದ್ದಳು. ಆಕೆಯೂ ನಕ್ಕಿದ್ದರು. ಹೆಸರು ಗುರುಮಲ್ಲಮ್ಮ. ಗಂಡ ಮಹದೇವಯ್ಯ ಕಟ್ಟಿಸಿದ ಮನೆ ಗುಂಡ್ಲುಪೇಟೆಯ ಹಳೆಯ ಬೀದಿಯಲ್ಲಿತ್ತು. ಅವರು ತೀರಿಕೊಂಡ ಮೇಲೆ ಮನೆಗೆ ಬೀಗ. ಗುರುಮಲ್ಲಮ್ಮ ಚಾಮರಾಜನಗರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿರುವ ಮಗನ ಜೊತೆ ಆರಾಮಾಗಿಯೇ ಇದ್ದರು. ತಿಂಗಳಿಗೊಮ್ಮೆ ಹೋಗಿ ಕಸ ಗುಡಿಸಿ, ಕಿಟಕಿ ತೆರೆದು ಗಾಳಿಯಾಡಿಸಿ ಬರುತ್ತಿದ್ದರು. ಅವರಿಗೆ ನೀಲಾವತಿ ಹೇಗಾದರೂ ಮಾಡಿ ಡ್ರೈವರ್ ಹಿಂದಿನ ಸೀಟು ಕೊಡಿಸುತ್ತಿದ್ದಳು.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ದಿನ ಬಸ್ಸು ಖಾಲಿಯಿದ್ದಾಗ ಗುರುಮಲ್ಲಮ್ಮ ಸೊಂಟ ನೀವಿಕೊಳ್ಳುತ್ತ, “ಇನ್ ನಂಗಾಗದಿಲ್ಲ ಕಣವ್ವ ಈ ಗುಡ್ಸೋ ಕೆಲ್ಸ. ಮಗನೂ ಮಾರ್ಬುಡನ ಅಂತಾನೆ. ಯಾರಾರ ಒಳ್ಳೇರಿದ್ರೆ ಹೇಳು” ಎಂದರು.

ನೀಲಾವತಿ ಟಿಕೆಟ್ ಮಷಿನ್ನು ಹಿಡಿದುಕೊಂಡೇ ಪಕ್ಕದಲ್ಲಿ ಕೂತಳು. “ನಾವೇ ಇದ್ದೀವಲ್ಲ ಅವ್ವಾರೆ,” ಎಂದಳು.

ಆಮೇಲಿನದು ಬೇಗ ಬೇಗ ನಡೆಯಿತು. ಶಿವಸ್ವಾಮಿ ಬಂದು ಮನೆ ನೋಡಿದ. ಎರಡು ರೂಮು, ಒಂದು ಹಾಲು, ಹಿಂದೆ ಬಟ್ಟೆ ಒಗೆಯುವಷ್ಟು ಜಾಗ, ಮುಂದೆ ಬೀದಿಯ ಮಟ್ಟಕ್ಕೇ ಒಂದು ಜಗಲಿ. ಗುರುಮಲ್ಲಮ್ಮನ ಮಗ ಮಹದೇವಪ್ರಸಾದನೂ ಬಂದಿದ್ದ. ಮೂವತ್ತೆರಡು ಲಕ್ಷಕ್ಕೆ ಮಾತಾಯಿತು. ಎಲೆ ಅಡಿಕೆಯ ಮೇಲೆ ಸ್ವಲ್ಪ ಹಣ ಇಟ್ಟು ಟೋಕನ್ ಕೊಟ್ಟರು. ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದರು. ಕ್ರಯದ ಕರಾರು ಬರೆಸಿ ಅದರ ನಕಲು ತಂದುಕೊಡಿ ಎಂದಿದ್ದರು. ಮುಂದಿನ ವಾರ ಒಳ್ಳೆಯ ದಿನ ನೋಡಿ ಕರಾರು ಬರೆಸುವುದೆಂದಾಗಿತ್ತು.

ಮನೆ ನೋಡಿ ಹೊರಬರುವಾಗ ಎದುರು ಮನೆಯ ಪುಟ್ಟಬಸಮ್ಮ ಎಂಬಾಕೆ ಬಾಗಿಲಲ್ಲಿ ನಿಂತು ಮಾತಾಡಿಸಿದ್ದರು. ಯಾವ ಊರು, ಏನು ಕೆಲಸ, ಎಷ್ಟು ಜನ ಎಂದೆಲ್ಲ ಕೇಳಿ ಕೊನೆಗೆ, “ನೀವು ಯಾವ ಪೈಕಿ?” ಎಂದರು. ನೀಲಾವತಿ ಮುಚ್ಚುಮರೆಯಿಲ್ಲದೆ ಹೇಳಿದಳು. ಆಕೆ “ಓ” ಎಂದು ಒಳಗೆ ಹೋದರು. ಅಷ್ಟೆ ನಡೆದದ್ದು.

ಕರಾರಿಗೆ ಇನ್ನೇನು ನಾಲ್ಕೈದು ದಿನ ಇದೆ ಎನ್ನುವಾಗ ಮಹದೇವಪ್ರಸಾದನ ಫೋನು ಬಂತು. ಬಸ್ಸು ಚಾಮರಾಜನಗರದ ಸ್ಟ್ಯಾಂಡಿನಲ್ಲಿ ನಿಂತಿತ್ತು. ನೀಲಾವತಿ ಚೀಲದಿಂದ ಉಪ್ಪಿಟ್ಟಿನ ಡಬ್ಬಿ ತೆಗೆಯುತ್ತಿದ್ದಳು.

“ಮೇಡಂ, ಪ್ರಸಾದ್ ಮಾತಾಡ್ತಿರೋದು. ಊಟ ಆಯ್ತಾ? ಒಂದ್ ವಿಷ್ಯ... ಹೆಂಗ್ ಹೇಳದು ಅಂತ. ಆ ರೇಟ್ಗೆ ಆಗದಿಲ್ಲ ಮೇಡಂ. ಇನ್ನೊಂದ್ ನಾಕು ಸೇರಿಸ್ಬೇಕಾಯ್ತದೆ.”

“ನಾಕು ಸಾವ್ರನಾ?” ಎಂದಳು ನೀಲಾವತಿ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಲಕ್ಷ ಮೇಡಂ. ಬೀದಿಯೋರೂ ಒಂದೊಂದ್ ಮಾತಾಡ್ತಾವ್ರೆ. ನಂಗೂ ಕಷ್ಟ ಆಯ್ತದೆ. ನೀವು ಯೋಚ್ನೆ ಮಾಡಿ. ಆಗದಿದ್ರೆ ಪರವಾಗಿಲ್ಲ, ನಿಮ್ ಟೋಕನ್ ವಾಪಸ್ ಕೊಟ್ಬುಡ್ತೀವಿ.”

ಫೋನು ಇಟ್ಟ ಮೇಲೆ ನೀಲಾವತಿ ಡಬ್ಬಿಯ ಮುಚ್ಚಳ ಮುಚ್ಚಿದಳು. ನಾಲ್ಕು ಲಕ್ಷಕ್ಕಿಂತ ಹೆಚ್ಚಾಗಿ ಅವಳ ಕಿವಿಯಲ್ಲಿ ಉಳಿದದ್ದು ‘ಬೀದಿಯೋರು’ ಎಂಬ ಮಾತು, ಮತ್ತು ಆ ಕೊನೆಯ ‘ಪರವಾಗಿಲ್ಲ’. ಈ ದನಿ ಅವಳಿಗೆ ಹೊಸದಲ್ಲ. ಮದುವೆಯಾಗಿ ಗುಂಡ್ಲುಪೇಟೆಗೆ ಬಂದಾಗಿನಿಂದ ಬಾಡಿಗೆ ಮನೆಗಳಿಗಾಗಿ ಅಲೆದಾಗೆಲ್ಲ ಹೀಗೇ ಆಗುತ್ತಿತ್ತು. ಬಾಡಿಗೆ ಒಪ್ಪಿಗೆಯಾಗುವುದು, ಮಾತಿನ ನಡುವೆ ಯಾರೋ ಜಾತಿ ತಿಳಿದುಕೊಳ್ಳುವುದು, ಮಾರನೆಯ ದಿನ ಹೋದರೆ ಬಾಡಿಗೆ ದುಪ್ಪಟ್ಟಾಗಿರುವುದು. ಇಲ್ಲವೇ ಓನರ್ ತಮ್ಮನಿಗೆ ಟ್ರಾನ್ಸ್‌ಫರ್ ಆಗಿ ಅವನೇ ಆ ಮನೆಗೆ ಬರುವವನಿರುತ್ತಿದ್ದ. ಯಾರೂ ಮುಖಕ್ಕೆ ಹೊಡೆದಂತೆ ಬೇಡ ಅಂದವರಲ್ಲ. ಎಲ್ಲರೂ ನಯವಾಗಿಯೇ, ‘ಪರವಾಗಿಲ್ಲ’ ಎಂದೇ ಕಳಿಸಿದವರು.

ಆ ಟ್ರಿಪ್ಪಿನಲ್ಲಿ ಅವಳು ತೆರಕಣಾಂಬಿಯಲ್ಲಿ ಇಳಿಯುವ ಮುದುಕನಿಗೆ ಗುಂಡ್ಲುಪೇಟೆಯ ಟಿಕೆಟ್ ಹರಿದುಕೊಟ್ಟಳು. ಅವನು ತಿರುಗಿಸಿ ತಿರುಗಿಸಿ ನೋಡಿ, “ಯಾಕವ್ವ, ಹುಸಾರಿಲ್ವಾ?” ಎಂದು ಕೇಳಿದ.

ಡ್ಯೂಟಿ ಮುಗಿಸಿ ಮನೆಗೆ ಹೋಗದೆ ನೇರ ಹಾಸ್ಟೆಲಿಗೆ ನಡೆದಳು. ಅಡುಗೆ ಮನೆಯಲ್ಲಿ ಶಿವಸ್ವಾಮಿ ದೊಡ್ಡ ಡಬರಿಯಲ್ಲಿ ಹುಳಿ ಕುದಿಸುತ್ತಿದ್ದ. ಯೂನಿಫಾರಂನಲ್ಲೇ ಬಂದ ಹೆಂಡತಿಯನ್ನು ಕಂಡು ಸೌಟು ಕೆಳಗಿಟ್ಟ. ಅವಳು ಹೇಳಿದ್ದನ್ನೆಲ್ಲ ಕೇಳಿಕೊಂಡ. ಅವನು ಮಾತು ಕಡಿಮೆಯ ಮನುಷ್ಯ.

“ಬುಡು ನೀಲಾ,” ಎಂದ.

“ಏನ್ ಬುಡದು?”

“ಎಲ್ಲಾನೂ. ನಂಗೊತ್ತಿತ್ತು, ಇಷ್ಟು ಸಲೀಸಾಗಿ ಆಗದಿಲ್ಲ ಅಂತ. ಆ ಎದುರ್ ಮನೆಯಮ್ಮ ‘ಓ’ ಅಂದಾಗ್ಲೇ ನಂಗೆ ಗೊತ್ತಾಯ್ತು. ಟೋಕನ್ ಈಸ್ಕೊಂಡು ಸುಮ್ಕಿರನ.”

“ದುಡ್ಡೇ ಕಾರಣ ಆಗಿದ್ರೆ?”

“ಆಗಿದ್ರೆ ಮಾತ್ರ ಏನು? ನಾಕು ಲಕ್ಷ ಎಲ್ಲದೆ?”

“ದುಡ್ಡಿನ ಮಾತೇ ಆಗಿದ್ರೆ ಕೂತ್ಕಂಡು ಮಾತಾಡ್ಬೋದು ಕಣ್ರೀ. ಹತ್ತಿಸ್ಬೋದು, ಇಳಿಸ್ಬೋದು. ಅದಲ್ದೆ ಇನ್ನೊಂದಾಗಿದ್ರೆ ಎದ್ದು ಬತ್ತೀನಿ. ಆದ್ರೆ ಯಾವ್ದು ಅಂತ ನಂಗೆ ಗೊತ್ತಾಗ್ಬೇಕು. ಈ ಸಲ ಕೇಳ್ದೆ ಬುಡದಿಲ್ಲ.”

ಶಿವಸ್ವಾಮಿ ಹುಳಿಗೆ ಉಪ್ಪು ಹಾಕಿದ. ಹಾಕಿದ್ದು ಎರಡನೆಯ ಸಲವೆಂದು ಆಮೇಲೆ ಹುಡುಗರು ಹೇಳಿದರು.

ಮನೆಯಲ್ಲಿ ದೊಡ್ಡಮಾದಮ್ಮನಿಗೆ ಹೇಳುವುದು ಇನ್ನೂ ಕಷ್ಟವಾಗಿತ್ತು. ಜಗಲಿಯಿರುವ ಮನೆಗೆ ಹೋಗುತ್ತೇವೆಂದು ಅವಳು ಹಂಗಳದ ಮಗಳಿಗೆ, ಪುಣಜನೂರಿನ ತಂಗಿಗೆಲ್ಲ ಫೋನಿನಲ್ಲಿ ಹೇಳಿಯಾಗಿತ್ತು. ಸೊಸೆಯ ಮುಖ ನೋಡಿಯೇ ಮುದುಕಿಗೆ ಅರ್ಧ ತಿಳಿಯಿತು. ಉಳಿದರ್ಧ ಕೇಳಿ, “ಓಗ್ಲಿ ಬುಡು ಮಗ. ಇಲ್ಲಿ ಗಾಳಿ ಚೆಂದಾಗ್ ಬತ್ತದೆ. ಕೆಳಗಾದ್ರೆ ಬರೀ ಧೂಳು” ಎಂದಳು. ನಿನ್ನೆಯವರೆಗೂ ಈ ಮಹಡಿಯನ್ನು ಶಪಿಸುತ್ತಿದ್ದವಳ ಬಾಯಲ್ಲಿ ಆ ಮಾತು ಕೇಳಿ ನೀಲಾವತಿ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು.

ವಾರದ ರಜೆಯ ದಿನ ಬೆಳಿಗ್ಗೆ ಅವಳು ಒಳ್ಳೆಯದೊಂದು ಸೀರೆಯುಟ್ಟು, ತಾನು ದಿನಾ ನಿಂತೇ ಹೋಗುವ ಬಸ್ಸಿನಲ್ಲಿ ಸೀಟು ಹಿಡಿದು ಕೂತಳು. ಅವಳ ಜಾಗದಲ್ಲಿ ಬಂದಿದ್ದ ಕಂಡಕ್ಟರ್ ತಮಾಷೆಗೆ, “ಅಕ್ಕ, ಆಧಾರ್ ಕಾರ್ಡು?” ಎಂದ. ಅವಳು ನಗಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದಳು. ಸಿಟ್ಟಿನಿಂದ ಕೇಳಬೇಕೇ, ತಗ್ಗಿ ಕೇಳಬೇಕೇ? ತಗ್ಗುವುದು ಬೇಡ ಎಂದು ತೀರ್ಮಾನಿಸಿಕೊಂಡಳು. ಇನ್ನೊಂದು ವಿಷಯವನ್ನೂ ಅವಳು ಅದೇ ಪ್ರಯಾಣದಲ್ಲಿ ತನಗೆ ತಾನೇ ಒಪ್ಪಿಕೊಂಡಳು. ಮೂವತ್ತೆರಡು ಸ್ವಲ್ಪ ಕಡಿಮೆಯೇ. ಅದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಬಸ್ಸಿನ ವಿಶ್ವಾಸಕ್ಕೆ ಗುರುಮಲ್ಲಮ್ಮ ಹೇಳಿದ ರೇಟು ಅದು. ದುಡ್ಡಿನ ಮಾತೇ ಬಂದರೆ ತನ್ನ ಚೀಟಿಯಿಂದ ಬರುವ ಒಂದು ಲಕ್ಷದವರೆಗೆ ಹೋಗಬಹುದು. ಬಣ್ಣ ಹೊಡೆಸಲೆಂದು, ಪಾತ್ರೆ ಪಗಡೆಗೆಂದು ಇಟ್ಟುಕೊಂಡಿದ್ದು. ಅದರಾಚೆಗೆ ಒಂದು ರೂಪಾಯಿಯೂ ಇಲ್ಲ.

ರಾಮಸಮುದ್ರದ ಕಡೆ ಮಹದೇವಪ್ರಸಾದನ ಮನೆ. ಬಾಗಿಲು ತೆರೆದ ಗುರುಮಲ್ಲಮ್ಮ, ಖಾಕಿಯಿಲ್ಲದ ನೀಲಾವತಿಯನ್ನು ಗುರುತಿಸಲು ಒಂದು ಕ್ಷಣ ತೆಗೆದುಕೊಂಡು, “ಅಯ್ಯೋ ಕಂಡಕ್ಟರಮ್ಮ! ಬಾ ಬಾ, ಒಳೀಕ್ ಬಾ” ಎಂದು ಕೈ ಹಿಡಿದರು. ಹಾಲಿನಲ್ಲಿ ಸೋಫಾ ತೋರಿಸಿದರು. ನೀಲಾವತಿ ಕೂತಳು. ಅಂಗಡಿಗೆ ಹೊರಡಲು ಅಣಿಯಾಗಿದ್ದ ಪ್ರಸಾದ ಅವಳನ್ನು ಕಂಡು, ಶರ್ಟಿನ ಗುಂಡಿಯನ್ನು ಹಾಕಿ ಬಿಚ್ಚಿ ಮತ್ತೆ ಹಾಕಿ, ಎದುರಿಗೆ ಕುರ್ಚಿ ಎಳೆದುಕೊಂಡ.

ಗುರುಮಲ್ಲಮ್ಮ ಒಳಗೆ ಹೋಗಿ ಕಾಫಿ ತಂದರು. ಪೇಪರ್ ಲೋಟದಲ್ಲಿ.

ನೀಲಾವತಿ ಲೋಟವನ್ನೇ ನೋಡಿದಳು. ಒಂದು ಮನೆಯಲ್ಲಿ ಒಬ್ಬರಿಗೆ ಯಾವ ಲೋಟದಲ್ಲಿ ಕಾಫಿ ಬರುತ್ತದೆಂಬುದರ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸರಿ, ಕೇಳುವುದೇನೂ ಉಳಿದಿಲ್ಲ, ಎದ್ದುಬಿಡೋಣ ಎಂದುಕೊಂಡಳು. ಅಷ್ಟರಲ್ಲಿ ಗುರುಮಲ್ಲಮ್ಮ ಮಗನ ಕೈಗೂ ಒಂದು ಪೇಪರ್ ಲೋಟ ಕೊಟ್ಟು, ತಾವೂ ಒಂದನ್ನು ಹಿಡಿದು ಅವಳ ಪಕ್ಕದಲ್ಲೇ ಕೂತು, “ನಲ್ಲೀಲಿ ನೀರ್ ಬಂದು ಎಷ್ಟ್ ದಿನ ಆಯ್ತೋ ಕಣವ್ವ. ಲೋಟ ತೊಳಿಯಾಕೂ ನೀರಿಲ್ಲ. ಮೊನ್ನೆ ನಾಮಕರಣಕ್ಕೆ ತಂದಿದ್ದು ಇವು, ಮುಗಿಯೋಗಂಟ ಇದ್ರಲ್ಲೇ ಕುಡೀರಿ ಅಂತ ಕೂತಿದ್ದೀನಿ” ಎಂದರು.

ಕಾಫಿ ಬಿಸಿಯಾಗಿತ್ತು. ನೀಲಾವತಿ ಒಂದು ಗುಟುಕು ಕುಡಿದು ಧೈರ್ಯ ತಂದುಕೊಂಡಳು.

“ಸಾರ್, ಒಂದ್ ಮಾತ್ ಕೇಳ್ಬುಡ್ತೀನಿ. ಬೇಜಾರ್ ಮಾಡ್ಕಬೇಡಿ. ನಾಕು ಲಕ್ಷ ಜಾಸ್ತಿ ಅಂದ್ರಲ್ಲ, ಅದು ಮನೆ ರೇಟಾ, ಇಲ್ಲ ನಮ್ ರೇಟಾ?”

“ಅಂದ್ರೆ?” ಎಂದ ಪ್ರಸಾದ.

“ನಮ್ ಜಾತಿ ಗೊತ್ತಾಗಿ ಬೀದಿಯೋರು ಬ್ಯಾಡ ಅಂದಿರ್ಬೋದು. ಅದ್ನ ಬಾಯ್ಬಿಟ್ಟು ಹೇಳಾಕಾಗ್ದೆ ನೀವು ರೇಟ್ ಏರ್ಸಿರ್ಬೋದು. ಅಂಗೇನಾರ ಇದ್ರೆ ಈಗ್ಲೇ ಹೇಳ್ಬುಡಿ. ನಾನು ಜಗ್ಳ ಆಡದಿಲ್ಲ, ಕಾಫಿ ಕುಡ್ದು ಎದ್ದೋಯ್ತೀನಿ. ನಾಕು ಲಕ್ಷಕ್ಕೆ ಊರೆಲ್ಲ ಅಲೆಯೋದಾದ್ರೂ ತಪ್ತದೆ.”

ಪ್ರಸಾದನ ಮುಖ ಕೆಂಪಾಯಿತು. ಅವನು ಬಾಯಿ ತೆರೆಯುವ ಮೊದಲೇ ಗುರುಮಲ್ಲಮ್ಮ ಮಗನ ಕಡೆ ತಿರುಗಿದರು. “ಏನ್ಲಾ ಅದು ನಾಕು ಲಕ್ಷ? ಯಾರ್ಗ್ ಕೇಳಿ ಏರಿಸ್ದೆ?”

“ಅವ್ವ, ಇರು...”

“ಖಾತೆ ನನ್ ಹೆಸ್ರಲ್ಲಿ ಅದೆ. ಮಾತ್ ಕೊಟ್ಟೋಳು ನಾನು. ನಂಗೇ ಗೊತ್ತಿಲ್ವಲ್ಲ!”

ಪ್ರಸಾದ ಲೋಟ ಕೆಳಗಿಟ್ಟು ಎರಡೂ ಕೈ ಮುಂದೆ ಮಾಡಿದ. “ಮೇಡಂ, ದೇವ್ರಾಣೆ ಅಂಗೇನಿಲ್ಲ. ಬೀದಿಯೋರು ಅಂದಿದ್ದು ಇದ್ನೇಯ, ಇಷ್ಟ್ ಕಮ್ಮಿಗೆ ಯಾಕ್ ಕೊಡ್ತಿದ್ದೀಯ ಅಂತ. ನಮ್ಮಕ್ಕ ಕುಮಾರಿಗೂ ಪಾಲು ಕೊಡ್ಬೇಕು. ಅವ್ಳು ಫೋನ್ ಮಾಡಿ ದಿನಾ ಬೈತಾವ್ಳೆ, ಅಪ್ಪನ ಮನೇನ ನೀರಿನ ರೇಟ್ಗೆ ಮಾರ್ತಿದ್ದೀಯ ಅಂತ. ಅದ್ರ ಮೇಲೆ ಕೇರಳದ ಬತ್ತೇರಿ ಕಡೆಯ ಹೂವಿನ ವ್ಯಾಪಾರಿ ಒಬ್ರು ಮೂವತ್ತಾರಕ್ಕೆ ತಗೋತೀನಿ ಅಂದ್ರು. ನಂಗೂ ಆಸೆ ಆಯ್ತು. ನಿಮ್ಗೆ ಹೆಂಗ್ ಹೇಳದು ಅಂತ ಗೊತ್ತಾಗ್ದೆ ಏನೇನೋ ಹೇಳ್ಬುಟ್ಟೆ.”

“ಬರೀ ದುಡ್ಡಾ?” ಎಂದಳು ನೀಲಾವತಿ.

“ಬರೀ ದುಡ್ಡೇ ಮೇಡಂ.”

ಅವಳಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದಂತೆ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರೂ ಬಂತು. ನಾಲ್ಕು ಲಕ್ಷ ಜಾಸ್ತಿ ಕೇಳಿಸಿಕೊಂಡವರು ಹೀಗೆ ನಗುವುದನ್ನು ಪ್ರಸಾದ ತನ್ನ ಅಂಗಡಿಯಲ್ಲೂ ಕಂಡಿರಲಿಲ್ಲ. ಅವನು ಗಾಬರಿಯಿಂದ ತಾಯಿಯ ಮುಖ ನೋಡಿದ. ಗುರುಮಲ್ಲಮ್ಮ ಮಾತ್ರ ನಗಲಿಲ್ಲ. ನೀಲಾವತಿಯ ಬೆನ್ನ ಮೇಲೆ ಕೈಯಿಟ್ಟು, ಅವಳ ನಗು ಇಳಿಯುವವರೆಗೂ ಕಾದರು.

“ಸುಳ್ ಯಾಕ್ ಹೇಳ್ಲಿ ಮಗ,” ಎಂದರು ಆಮೇಲೆ. “ಕೇಳ್ದೋರು ಇಲ್ಲ ಅಂತಿಲ್ಲ. ಪುಟ್ಟಬಸಿ ಫೋನ್ ಮಾಡಿದ್ಳು. ‘ಯಾರಿಗ್ ಕೊಡ್ತಿದ್ದೀಯ, ನೋಡ್ಕಂಡು ಕೊಡು ಗುರುಮಲ್ಲಿ’ ಅಂದ್ಳು. ‘ನೋಡ್ಕಂಡೇ ಕೊಡ್ತಿರದು, ವರ್ಷದಿಂದ ಬಸ್ಸಲ್ಲಿ ನೋಡ್ತಾನೇ ಇವ್ನಿ’ ಅಂದೆ. ಫೋನ್ ಮಡಗ್ಬುಟ್ಳು. ಅವ್ಳು ಅಂಗೇಯ. ಎದುರಿಗೇ ಇರ್ತಾಳೆ, ನಿಂಗೆ ಮುಂಚೇನೇ ಗೊತ್ತಿರ್ಲಿ.”

ಆ ಮಾತು ನೀಲಾವತಿಗೆ ಚುಚ್ಚಲಿಲ್ಲವೆಂದಲ್ಲ. ಆದರೆ ಎದುರು ಮನೆಯಾಕೆ ಹೇಗಿದ್ದರೇನು, ಅಂಥವರ ನಡುವೆಯೇ ಅವಳು ಇಷ್ಟು ವರ್ಷ ಬದುಕಿದ್ದಳು. ಮನೆ ಕೊಡುವವರು ಆ ಮಾತಿನ ಹಿಂದೆ ಅಡಗಿಕೊಂಡಿರಲಿಲ್ಲ. ಕೇಳಿದ್ದಕ್ಕೆ ನೇರ ಉತ್ತರ ಸಿಕ್ಕಿತ್ತು. ಕೆಲವು ದಿನಗಳಿಂದ ಎದೆಯ ಮೇಲೆ ಕೂತಿದ್ದುದು ಎದ್ದು ಹೋಯಿತು. ಉಳಿದದ್ದು ವ್ಯಾಪಾರ. ಅದು ಅವಳ ದಿನನಿತ್ಯದ ಕೆಲಸ.

“ಸರಿ ಸಾರ್,” ಎಂದಳು ಕಣ್ಣೊರೆಸಿಕೊಂಡು. “ಇನ್ ದುಡ್ಡಿನ್ ಮಾತಾಡನ. ನಾನು ಕಣ್ಗೆ ಕಾಣ್ದೇ ಇರೋರ ಮೇಲೆ ಹರಾಜು ಕೂಗದಿಲ್ಲ. ಆ ಹೂವಿನೋರು ಮನೆ ನೋಡವ್ರಾ?”

“ಫೋಟೋ ನೋಡವ್ರೆ.”

“ಅಗ್ರಿಮೆಂಟ್ ಯಾವತ್ತು ಬರಿಸ್ಕತಾರೆ?”

“ಅದು... ಕೇಳಿಲ್ಲ.”

“ಈಗ ಕೇಳಿ. ನಾನಿಲ್ಲೇ ಕೂತಿರ್ತೀನಿ. ಅವ್ರು ನಾಳಿದ್ದು ಬಂದು ಮೂವತ್ತಾರಕ್ಕೆ ಬರಿಸ್ಕತೀನಿ ಅಂದ್ರೆ, ನಾನು ಸಂತೋಷವಾಗಿ ಟೋಕನ್ ಈಸ್ಕಂಡು ಓಯ್ತೀನಿ.”

ಪ್ರಸಾದ ಹಿಂಜರಿದ. ತಾಯಿ “ಮಾಡ್ಲಾ” ಎಂದರು. ಅವನು ಫೋನು ಮಾಡಿ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಲಾರಿಗಳ ಸದ್ದಿನ ನಡುವೆ ಖುಷಿಯಾದ ದನಿಯೊಂದು ಕೇಳಿಸಿತು.

“ಆ ಸಾರೇ! ಮನೆ ತುಂಬಾ ಇಷ್ಟ ಆಯ್ತು. ಓಣಂ ಕಳಿಯಟ್ಟೆ ಸಾರೇ, ಈಗ ಚೆಂಡುಹೂವಿಂದು ತಿರಕ್ಕು. ಆದ್ಯಂ ಒಂದು ವರ್ಷ ಬಾಡಿಗೆ ಮಾಡೋಣ, ಹೂವಿನ ಬಾಕ್ಸು ಇಡೋಕೆ. ಪಿನ್ನೆ ನೋಕ್ಕಾಂ, ಖರೀದಿ ಮಾಡೋಣ.”

“ಅಗ್ರಿಮೆಂಟು?” ಎಂದ ಪ್ರಸಾದ.

“ಅದೆಲ್ಲ ಪಿನ್ನೆ, ಪಿನ್ನೆ! ನಾವು ಎಲ್ಲಿಗೆ ಹೋಗ್ತೀವಿ ಸಾರೇ?”

ಮಲಯಾಳ ಬೆರೆತ ಆ ಮಾತಿನ ಅರ್ಥ ಇಷ್ಟೆ: ಈಗ ಹೂವಿನ ಗಡಿಬಿಡಿ, ಓಣಂ ಕಳೆಯಲಿ, ಮೊದಲು ಒಂದು ವರ್ಷ ಬಾಡಿಗೆ, ಕೊಳ್ಳುವುದು ‘ಪಿನ್ನೆ’, ಆಮೇಲೆ ನೋಡೋಣ. ಅವನು ಮೋಸಗಾರನೇನಲ್ಲ. ತನ್ನ ಅನುಕೂಲ ನೋಡಿಕೊಳ್ಳುವ ವ್ಯಾಪಾರಿ. ಪ್ರಸಾದನ ಮೂವತ್ತಾರು ಲಕ್ಷ ಮಾತ್ರ ಆ ‘ಪಿನ್ನೆ’ಯೊಳಗೆ ಕರಗಿಹೋಯಿತು. ಅವನು ಫೋನನ್ನು ತೊಡೆಯ ಮೇಲೆ ಕವುಚಿ ಹಾಕಿಕೊಂಡು ಕೂತ. ಗುರುಮಲ್ಲಮ್ಮ, “ಹೂವಿನ ಬಾಕ್ಸ್ ಇಡಾಕಾ ನಿಮ್ಮಪ್ಪ ಆ ಮನೆ ಕಟ್ಟಿದ್ದು?” ಎಂದಷ್ಟೇ ಹೇಳಿ ಲೋಟಗಳನ್ನು ಎತ್ತಿಕೊಂಡರು.

ಈಗ ನೀಲಾವತಿ ಮೂವತ್ತೆರಡಕ್ಕೇ ಗಟ್ಟಿಯಾಗಿ ನಿಲ್ಲಬಹುದಾಗಿತ್ತು. ತಾಯಿ ಅವಳ ಕಡೆಗಿದ್ದರು. ಆದರೆ ಪ್ರಸಾದನ ಮುಖದಲ್ಲಿ ಅಕ್ಕನ ಬೈಗುಳದ ಭಯ ಹಾಗೇ ಇತ್ತು. ಇಂಥ ಮುಖದವನು ಕರಾರಿನ ದಿನ ಬೆಳಿಗ್ಗೆ ಮತ್ತೊಂದು ಫೋನು ಮಾಡುತ್ತಾನೆಂದು ಅವಳಿಗೆ ಅನ್ನಿಸಿತು. ಇವತ್ತೇ ಮುಗಿಸಿಕೊಂಡು ಎದ್ದರೆ ಮನಸ್ಸಿಗೆ ನೆಮ್ಮದಿ.

“ಸಾರ್, ನಂಗೂ ಗೊತ್ತು ರೇಟು ವಸಿ ಕಮ್ಮಿ ಅಂತ,” ಎಂದಳು. “ನನ್ ಕೈಲಿ ಒಂದ್ ಲಕ್ಷದ ಚೀಟಿ ಅದೆ. ಅದ್ನ ಸೇರಿಸ್ತೀನಿ. ಮೂವತ್ಮೂರು. ಅದ್ರ ಮೇಲೆ ಏನಿಲ್ಲ, ನೀವು ಕೇಳೂ ಬೇಡಿ. ಆದ್ರೆ ನಾಳೇನೇ ಅಗ್ರಿಮೆಂಟ್ ಬರಿಸ್ಬೇಕು. ನಿಮ್ಮಕ್ಕನೂ ಬಂದು ಒಪ್ಪಿಗೆ ಸೈನ್ ಹಾಕ್ಬೇಕು. ನಾಳೆ ಬುಟ್ರೆ ಈ ಒಂದ್ ಲಕ್ಷನೂ ಇಲ್ಲ.”

“ಅದ್ಯಾಕ್ ಮಗ ಒಂದು? ಮಾತು ಮಾತೇ,” ಎಂದರು ಗುರುಮಲ್ಲಮ್ಮ ಅಡುಗೆ ಮನೆಯಿಂದಲೇ.

“ಇರ್ಲಿ ಅವ್ವಾರೆ. ಕುಮಾರಿಯಕ್ಕ ಮುಂದೆ ನಮ್ ಮನೆಗ್ ಬಂದಾಗ ಮುಖ ಸಿಂಡರಿಸ್ಕಂಡು ಬರದು ಬ್ಯಾಡ.”

ಪ್ರಸಾದ ಹೊರಗೆ ಹೋಗಿ ಅಕ್ಕನಿಗೆ ಫೋನು ಮಾಡಿದ. ಗೋಡೆಯಾಚೆಯಿಂದ ಅವನ ಒಪ್ಪಿಸುವ ದನಿ, ಮೌನ, ಮತ್ತೆ ಒಪ್ಪಿಸುವ ದನಿ ಕೇಳಿಸುತ್ತಿತ್ತು. ವಾಪಸು ಬಂದಾಗ ಅವನ ಹೆಗಲು ಇಳಿದಿತ್ತು. “ಬೆಳಿಗ್ಗೆ ನಂಜನಗೂಡಿಂದ ಬತ್ತಾಳಂತೆ. ‘ಅವ್ರು ಆಮೇಲೆ ಮಾತು ಬದಲಾಯಿಸ್ದಂಗೆ ನೋಡ್ಕೋ’ ಅಂದ್ಳು” ಎಂದ. ಯಾರು ಮಾತು ಬದಲಾಯಿಸಿದ್ದು ಎಂಬುದು ಹೇಳಿದ ಮೇಲೆ ಅವನಿಗೇ ಹೊಳೆದು ನಾಚಿಕೊಂಡ. ಈ ಸಲ ಮೂವರೂ ನಕ್ಕರು.

ವಾಪಸು ಬರುವ ಬಸ್ಸಿನಲ್ಲಿ ನೀಲಾವತಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಅಷ್ಟು ವರ್ಷದಿಂದ ಓಡಾಡಿದ ದಾರಿಯಲ್ಲಿ ಅವಳು ಕಣ್ಣು ಮುಚ್ಚಿದ್ದು ಅದೇ ಮೊದಲು. ಗುಂಡ್ಲುಪೇಟೆ ಬಂದಾಗ ಕಂಡಕ್ಟರೇ ಬಂದು ಎಬ್ಬಿಸಬೇಕಾಯಿತು.

ಮರುದಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ಪತ್ರ ಬರೆಯುವವರ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಕುಮಾರಿ ಗಟ್ಟಿ ಹೆಂಗಸು. ಕನ್ನಡಕ ಏರಿಸಿಕೊಂಡು ಕರಾರಿನ ಪ್ರತಿ ಸಾಲನ್ನೂ ಓದಿಸಿ, ಎರಡು ಕಡೆ ತಿದ್ದಿಸಿದಳು. “ಈ ಮೊತ್ತದ ಮೇಲೆ ಹೆಚ್ಚಿಗೆ ಕೇಳತಕ್ಕದ್ದಲ್ಲ” ಎಂಬ ಸಾಲು ಬಂದಾಗ ತಮ್ಮನ ಕಡೆ ನೋಡಿ, “ಇದ್ನ ದಪ್ಪಕ್ಷರದಲ್ಲಿ ಹಾಕಿ” ಎಂದಳು. ಸೈನ್ ಹಾಕಿದ ಮೇಲೆ ಮಾತ್ರ ಅವಳ ಗತ್ತು ಸಡಿಲವಾಯಿತು. ನೀಲಾವತಿಯ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, “ನಾನು ಆ ಮನೇಲೇ ಹುಟ್ಟಿದ್ದು ಕಣಮ್ಮ. ಯಾರಿಗ್ ಕೊಟ್ರೂ ನಂಗೆ ಹೊಟ್ಟೆ ಉರೀತಿತ್ತು. ನೀವೇನೂ ತಪ್ಪು ತಿಳ್ಕಬೇಡಿ” ಎಂದಳು. ನೀಲಾವತಿ, “ಬನ್ನಿ ಅಕ್ಕ, ಬೀಗ ನಮ್ಮತ್ರ ಬಂದ್ ಮೇಲೂ ಬನ್ನಿ” ಎಂದಳು. ಬಾಯಿಮಾತಿಗೆ ಹೇಳಿದ್ದಾಗಿರಲಿಲ್ಲ.

ಕರಾರಿನ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟು ಹೊರಬಂದಾಗ ಊಟದ ಹೊತ್ತಾಗಿತ್ತು. ನೀಲಾವತಿ, ಶಿವಸ್ವಾಮಿ ಇಬ್ಬರೂ ಆ ದಿನ ರಜೆ ಹಾಕಿದ್ದರು. ಮೊದಲು ಮನೆಗೆ ಫೋನು ಮಾಡಿದರು. ದೊಡ್ಡಮಾದಮ್ಮ ಎಲ್ಲ ಕೇಳಿ, “ನಾನ್ ಏಳಿದ್ನಲ್ಲ, ಆಯ್ತದೆ ಅಂತ” ಎಂದಳು. ಅವಳು ಹಾಗೆ ಹೇಳಿರಲೇ ಇಲ್ಲ. ಇಬ್ಬರೂ ಅದನ್ನು ಎತ್ತಿ ಆಡಲು ಹೋಗಲಿಲ್ಲ.

ಸ್ಟ್ಯಾಂಡಿನ ಹತ್ತಿರದ ಮೆಸ್ಸಿನಲ್ಲಿ ಗಂಡ ಹೆಂಡತಿ ಎದುರು ಬದುರು ಊಟಕ್ಕೆ ಕೂತರು. ದಿನವೂ ನೂರಾರು ಮಕ್ಕಳಿಗೆ ಬಡಿಸುವ ಶಿವಸ್ವಾಮಿ ಇನ್ನೊಬ್ಬರ ಕೈಯಲ್ಲಿ ಬಡಿಸಿಕೊಂಡು ಉಣ್ಣುವುದೇ ಅಪರೂಪ. ಅವನು ಮುದ್ದೆ ಮುರಿದು, ಸಾರು ನೆಕ್ಕಿ ನೋಡಿ, “ಉಪ್ಪು ಜಾಸ್ತಿ” ಎಂದ.

“ನೀವ್ ಹೇಳ್ತಿದ್ದೀರಾ ಇದ್ನ!” ಎಂದು ನೀಲಾವತಿ ಅವನ ಕೈ ಮೇಲೆ ಒಂದು ಏಟು ಕೊಟ್ಟಳು.

ಅವನು ನಕ್ಕ. ಆಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡ. ಅವಳೂ ಉಂಡಳು. ಕಳೆದ ಕೆಲವು ದಿನ ಸರಿಯಾಗಿ ಉಣ್ಣದ ಹಸಿವೆಲ್ಲ ಅವಳಿಗೆ ಈಗ ಒಟ್ಟಿಗೇ ಬಂದಂತಿತ್ತು. ಬಡಿಸುವವನು ಬಂದು “ಸಾಕಾ ಅಕ್ಕ?” ಎಂದಾಗ ಎಲೆಯ ಮೇಲೆ ಜಾಗ ಮಾಡಿಕೊಂಡು, “ಇನ್ನೊಂದ್ ವಸಿ ಅನ್ನ ಆಕಪ್ಪ, ಮಜ್ಜಿಗೆಗೆ” ಎಂದಳು.